ಪೀಠದಿಂದ ಇಳಿಯುವ ದಾರಿ: ಘಾನಾ ದೇಶದ ನಾಯಕರ ಕಥೆ

ಪಶ್ಚಿಮ ಆಫ್ರಿಕೆಯ ಆಕಾನ್ ಜನರಲ್ಲಿ ಅರಸುತನದ ಚಿಹ್ನೆ ಕಿರೀಟವಲ್ಲ, ಪೀಠ. ಒಂದೇ ಮರದ ತುಂಡಿನಿಂದ ಕೆತ್ತಿದ, ನಡು ಬಾಗಿದ ಸಣ್ಣ ಆಸನ ಅದು. ಒಬ್ಬನಿಗೆ ಪಟ್ಟವಾಯಿತೆಂದರೆ ಅವನನ್ನು ಪೀಠಕ್ಕೇರಿಸಿದರೆಂದೇ ಅರ್ಥ. ಅಸಾಂಟೆ ನಾಡಿನ ಚಿನ್ನದ ಪೀಠವಂತೂ ಇಡೀ ಜನಾಂಗದ ಪ್ರಾಣ ನೆಲೆಸಿರುವ ಸ್ಥಾನವೆಂದು ಅವರ ನಂಬಿಕೆ; ಅದರ ಮೇಲೆ ಅರಸನೂ ಕೂಡುವಂತಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರನೊಬ್ಬ, ತಾನು ಕುಳಿತುಕೊಳ್ಳಲು ಅದನ್ನು ತಂದುಕೊಡಿರೆಂದು ಕೇಳಿದ್ದಕ್ಕೆ ಯುದ್ಧವೇ ಹೊತ್ತಿಕೊಂಡಿತು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ದಾರಿ ತಪ್ಪಿದ ಅರಸನನ್ನು ಪೀಠದಿಂದ ಇಳಿಸುವುದಕ್ಕೂ ಆ ಜನರಲ್ಲಿ ಒಂದು ಕ್ರಮವಿತ್ತು. ಪಟ್ಟ ಕಟ್ಟಿದ ಹಿರಿಯರೇ ಸೇರಿ ವಿಚಾರಿಸಿ, ತಪ್ಪು ಸ್ಥಿರಪಟ್ಟರೆ ಅವನ ಪಾದರಕ್ಷೆಗಳನ್ನು ತೆಗೆಸುತ್ತಿದ್ದರು. ಬರಿಗಾಲು ನೆಲಕ್ಕೆ ತಾಗಿತೋ, ಅರಸುತನ ಮುಗಿಯಿತು.

ಈ ಆಕಾನ್ ಜನರೂ ಇನ್ನೂ ಹಲವು ಜನಾಂಗಗಳೂ ಕೂಡಿ ಬಾಳುವ ದೇಶವೇ ಇಂದಿನ ಘಾನಾ. 1957ರಲ್ಲಿ ಸ್ವತಂತ್ರವಾದ ಈ ದೇಶಕ್ಕೆ ಬ್ರಿಟಿಷರು ಬಿಟ್ಟುಹೋದದ್ದು ಬೇರೆ ಬಗೆಯ ಪೀಠ. ಗವರ್ನರನ ಅಧಿಕಾರ, ಪೋಲೀಸು, ಸೈನ್ಯ, ಸಮುದ್ರದ ದಂಡೆಯ ಮೇಲಿನ ಕ್ರಿಶ್ಚಿಯನ್ಸ್‌ಬರ್ಗ್ ಕೋಟೆ, ಎಲ್ಲವೂ ಅದರ ಜೊತೆಗೆ ಬಂದವು. ಅದನ್ನು ಏರುವ ಮೆಟ್ಟಿಲು ಕಾಣಿಸುತ್ತಿತ್ತು. ಇಳಿಯುವ ಮೆಟ್ಟಿಲು ಮಾತ್ರ ಕಾಣಿಸುತ್ತಿರಲಿಲ್ಲ. ಆ ಮೆಟ್ಟಿಲನ್ನು ಕಟ್ಟಿಕೊಳ್ಳಲು ಘಾನಾಕ್ಕೆ 40 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯ ನಾಯಕರ ಕಥೆಯೆಂದರೆ ಬಹುಮಟ್ಟಿಗೆ ಅದೇ ಕಥೆ.

ಸೆರೆಮನೆಯಿಂದ ಬಂದ ಪ್ರಧಾನಿ

ಕಥೆಯ ಮೊದಲ ಎಳೆ ನಮ್ಮ ನೆರೆಯ ಬರ್ಮಾದಿಂದಲೇ ಹೊರಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪಶ್ಚಿಮ ಆಫ್ರಿಕೆಯ ಸಾವಿರಾರು ಸಿಪಾಯಿಗಳು ಬರ್ಮಾ ರಣರಂಗದಲ್ಲಿ ಜಪಾನೀಯರೊಡನೆ ಕಾದಿದರು. ಊರಿಗೆ ಮರಳಿದ ಮೇಲೆ, ಕೊಟ್ಟ ಮಾತಿನಂತೆ ಸಂಬಳ ಸವಲತ್ತುಗಳು ದೊರೆಯಲಿಲ್ಲವೆಂದು ಅವರಿಗೆ ಅಸಮಾಧಾನ. 1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ಅರ್ಜಿ ಹಿಡಿದು ಅಕ್ರಾ ನಗರದ ಗವರ್ನರನ ಕೋಟೆಯತ್ತ ಮೆರವಣಿಗೆ ಹೊರಟರು. ಪೋಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಪಟ್ಟಣದಲ್ಲಿ ದೊಂಬಿಯಾಯಿತು. ಸರಕಾರ ಆರು ಮಂದಿ ರಾಜಕೀಯ ಮುಖಂಡರನ್ನು ಹಿಡಿದು ದೂರದ ಊರುಗಳಲ್ಲಿ ಬಂಧಿಸಿತು. ಆ ಆರು ಜನರಲ್ಲಿ ಹಿರಿಯ ವಕೀಲರಾದ ಜೆ. ಬಿ. ಡಾಂಕ್ವಾ ಒಬ್ಬರು, ಅಮೇರಿಕದಲ್ಲಿ ಓದಿ, ಲಂಡನ್ನಿನಲ್ಲಿ ಚಳವಳಿ ನಡೆಸಿ, ಕೆಲವೇ ತಿಂಗಳ ಹಿಂದೆ ಊರಿಗೆ ಬಂದಿದ್ದ ಕ್ವಾಮೆ ಎನ್‌ಕ್ರೂಮಾ ಇನ್ನೊಬ್ಬರು.

ವಕೀಲರ ನಿಧಾನ ಎನ್‌ಕ್ರೂಮಾ ಅವರಿಗೆ ಒಗ್ಗಲಿಲ್ಲ. 1949ರಲ್ಲಿ ತಮ್ಮದೇ ಪಕ್ಷ ಕಟ್ಟಿದರು. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ಅಭ್ಯಾಸ ಮಾಡಿದ್ದ ಅವರು 1950ರ ಜನವರಿಯಲ್ಲಿ ಮುಷ್ಕರ, ಬಹಿಷ್ಕಾರಗಳ ಚಳವಳಿಗೆ ಕರೆ ಕೊಟ್ಟು ಸೆರೆಮನೆ ಸೇರಿದರು. 1951ರ ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ ಸೆರೆಯಲ್ಲಿದ್ದುಕೊಂಡೇ ಗೆದ್ದರು. ಗವರ್ನರರು ಅವರನ್ನು ಬಿಡುಗಡೆ ಮಾಡಿ, ಸರಕಾರ ರಚಿಸಲು ಕರೆಯಬೇಕಾಯಿತು. 1957ರ ಮಾರ್ಚಿ 6ರಂದು, ಪಶ್ಚಿಮ ಆಫ್ರಿಕೆಯ ವಸಾಹತುಗಳಲ್ಲೆಲ್ಲ ಮೊದಲಿಗೆ, ಗೋಲ್ಡ್ ಕೋಸ್ಟ್ ಎಂಬ ಹೆಸರು ಕಳಚಿ ಘಾನಾ ಹುಟ್ಟಿತು. ಹಿಂದೆ ಬಿಳಿಯರು ಪೋಲೋ ಆಡುತ್ತಿದ್ದ ಬಯಲಿನಲ್ಲಿ ನಿಂತು ಎನ್‌ಕ್ರೂಮಾ ಸ್ವಾತಂತ್ರ್ಯವನ್ನು ಸಾರಿದರು.

ನೆಹರೂ, ನಾಸೆರ್, ಟೀಟೊ, ಸುಕರ್ಣೊ ಅವರ ಜೊತೆಗೆ ಅಲಿಪ್ತ ರಾಷ್ಟ್ರಗಳ ಮುಂದಾಳಾಗಿ ಎನ್‌ಕ್ರೂಮಾ ನಮ್ಮ ಜನಕ್ಕೂ ಪರಿಚಿತರಾದರು. ಶಾಲೆಗಳು, ಆಸ್ಪತ್ರೆಗಳು, ರಸ್ತೆಗಳು, ತೇಮಾ ಬಂದರು, ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟು, ಇವೆಲ್ಲ ಅವರ ಕಾಲದ ಕೆಲಸಗಳು. ಆದರೆ ಸೆರೆಮನೆಯಿಂದ ಬಂದ ನಾಯಕ ಸೆರೆಮನೆಯನ್ನು ಮರೆಯಲಿಲ್ಲ. 1958ರ ಪ್ರತಿಬಂಧಕ ಸ್ಥಾನಬದ್ಧತೆಯ ಕಾನೂನು ಯಾರನ್ನಾದರೂ ವಿಚಾರಣೆಯಿಲ್ಲದೆ ಐದು ವರ್ಷ ಕೂಡಿಹಾಕುವ ಅಧಿಕಾರ ಕೊಟ್ಟಿತು. 1960ರಲ್ಲಿ ಅಧ್ಯಕ್ಷ ಪದವಿಗೆ ಎನ್‌ಕ್ರೂಮಾ ಎದುರು ನಿಂತು ಸೋತ ಡಾಂಕ್ವಾ ಅವರು, ಹಿಂದೆ ಒಟ್ಟಿಗೇ ಬಂಧನ ಅನುಭವಿಸಿದ ಅದೇ ಡಾಂಕ್ವಾ ಅವರು, 1965ರ ಫೆಬ್ರವರಿಯಲ್ಲಿ ಎನ್ಸವಾಂ ಸೆರೆಮನೆಯಲ್ಲಿ ಪ್ರಾಣ ಬಿಟ್ಟರು. ಅದಕ್ಕೆ ಒಂದು ವರ್ಷ ಮೊದಲೇ ಜನಮತಗಣನೆಯೊಂದನ್ನು ನಡೆಸಿ ದೇಶದಲ್ಲಿ ಒಂದೇ ಪಕ್ಷವೆಂದು ವಿಧಿಸಲಾಗಿತ್ತು. ನೂರಕ್ಕೆ 99ಕ್ಕೂ ಹೆಚ್ಚು ಮತ ಪರವಾಗಿ ಬಂದವೆಂದು ಸರಕಾರ ಪ್ರಕಟಿಸಿತ್ತು. ಎನ್‌ಕ್ರೂಮಾ ಆಜೀವ ಅಧ್ಯಕ್ಷರಾದರು.

ಬದುಕಿರುವ ತನಕ ಪೀಠ ಬಿಡದವನನ್ನು ಇಳಿಸಲು ಮತಪತ್ರ ಸಾಲದು. 1965ರಲ್ಲಿ ಜಗತ್ತಿನ ಪೇಟೆಯಲ್ಲಿ ಕೋಕೋ ಬೆಲೆ ಕುಸಿಯಿತು. ಕೋಕೋ ಮಾರಿ ಬದುಕುವ ದೇಶ ತತ್ತರಿಸಿತು. 1966ರ ಫೆಬ್ರವರಿ 24ರಂದು, ಎನ್‌ಕ್ರೂಮಾ ಹನೋಯಿಗೆ ಹೋಗುವ ಹಾದಿಯಲ್ಲಿ ಚೀನದಲ್ಲಿದ್ದಾಗ, ಸೈನ್ಯವೂ ಪೋಲೀಸೂ ಕೂಡಿ ಅಧಿಕಾರ ಹಿಡಿದುಕೊಂಡವು. ಬೀದಿಯಲ್ಲಿ ಜನ ಕುಣಿದರು. ಅವರ ಪ್ರತಿಮೆಯನ್ನು ಉರುಳಿಸಿ ರುಂಡ ಬೇರ್ಪಡಿಸಿದರು. ಮತ್ತೆಂದೂ ಸ್ವದೇಶವನ್ನು ಕಾಣದೆ, 1972ರಲ್ಲಿ ರುಮೇನಿಯದ ಬುಕಾರೆಸ್ಟಿನಲ್ಲಿ ಎನ್‌ಕ್ರೂಮಾ ತೀರಿಕೊಂಡರು.

ಸಿಪಾಯಿಯೂ ಪಂಡಿತನೂ

ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಕೊಟೊಕಾ ಅವರು 1967ರ ಏಪ್ರಿಲಿನಲ್ಲಿ ಇನ್ನೊಂದು ದಂಗೆಯ ಯತ್ನದಲ್ಲಿ ಹತರಾದರು. ಕೋವಿಯಿಂದ ಪೀಠ ಹಿಡಿಯಬಹುದೆಂದು ಒಮ್ಮೆ ತೋರಿಸಿಕೊಟ್ಟ ಮೇಲೆ ಆ ಪಾಠವನ್ನು ಕಲಿಯಲು ಶಿಷ್ಯರಿಗೆ ಬರವೇ? ಸೇನಾ ಸರಕಾರದ ಅಧ್ಯಕ್ಷರಾಗಿದ್ದ ಜನರಲ್ ಆಂಕ್ರಾ ಅವರು ಹಣದ ಆಪಾದನೆಗೆ ಸಿಕ್ಕಿ 1969ರಲ್ಲಿ ರಾಜೀನಾಮೆ ಕೊಟ್ಟರು. ಅವರ ಸ್ಥಾನಕ್ಕೆ ಬಂದ ಅಫ್ರಿಫಾ ಅವರಿಗೆ ಆಗಿನ್ನೂ 32 ವರ್ಷ. ಆದರೂ ಸೈನಿಕರು ಮಾತಿಗೆ ತಪ್ಪಲಿಲ್ಲ. ಅದೇ ವರ್ಷ ಚುನಾವಣೆ ನಡೆಸಿ ಅಧಿಕಾರ ಒಪ್ಪಿಸಿದರು.

ಗೆದ್ದು ಬಂದವರು ಡಾಕ್ಟರ್ ಕೋಫಿ ಬೂಸಿಯಾ, ಆಕ್ಸ್‌ಫರ್ಡಿನಲ್ಲಿ ಓದಿದ ಸಮಾಜಶಾಸ್ತ್ರದ ಪಂಡಿತರು. ಪ್ರಜಾಪ್ರಭುತ್ವದ ಪರವಾಗಿ ಬರೆದೂ ಮಾತಾಡಿಯೂ ಹೆಸರಾದವರು. ಆದರೆ ಸರಕಾರ ಕೆಲಸದಿಂದ ತೆಗೆದುಹಾಕಿದ ನೌಕರನೊಬ್ಬನ ಪರವಾಗಿ 1970ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಾಗ, ಯಾವ ನ್ಯಾಯಾಲಯವೂ ತಮ್ಮ ಸರಕಾರವನ್ನು ಬಲವಂತಪಡಿಸಲಾರದೆಂದು ಅವರೇ ಸಾರಿದರು. ಕಾಗದಪತ್ರವಿಲ್ಲದ ಪರದೇಶದವರು ಎರಡು ವಾರದೊಳಗೆ ದೇಶ ಬಿಡಬೇಕೆಂದು 1969ರಲ್ಲೇ ಆಜ್ಞೆ ಮಾಡಿದ್ದರು. ತಲೆಮಾರುಗಳಿಂದ ನೆಲೆಸಿ ವ್ಯಾಪಾರ ಮಾಡಿಕೊಂಡಿದ್ದ ನೈಜೀರಿಯದವರೂ ಇತರರೂ ಲಕ್ಷಗಟ್ಟಲೆ ಗಂಟುಮೂಟೆ ಕಟ್ಟಿದರು.

ಕೋಕೋ ಬೆಲೆ ಮತ್ತೆ ಇಳಿಯಿತು, ಸಾಲ ಏರಿತು. 1971ರ ಡಿಸೆಂಬರಿನ ಕೊನೆಯಲ್ಲಿ ಬೂಸಿಯಾ ಸರಕಾರ ತನ್ನ ನಾಣ್ಯವಾದ ಸೆಡಿಯ ಬೆಲೆಯನ್ನು ಒಮ್ಮೆಲೇ ಹೆಚ್ಚುಕಡಮೆ ಅರ್ಧಕ್ಕೆ ಇಳಿಸಿತು. ಪೇಟೆಯಲ್ಲಿ ಸಾಮಾನಿನ ಬೆಲೆ ಹಾರಿತು. ಮೂರು ವಾರ ಕಳೆಯುವುದರೊಳಗೆ, 1972ರ ಜನವರಿ 13ರಂದು, ಪ್ರಧಾನಿ ಚಿಕಿತ್ಸೆಗಾಗಿ ಲಂಡನ್ನಿನಲ್ಲಿದ್ದಾಗ, ಕರ್ನಲ್ ಅಚಾಂಪೋಂಗ್ ಸೈನ್ಯವನ್ನು ನಡೆಸಿಕೊಂಡು ಬಂದು ಪೀಠವೇರಿದರು. ಬೂಸಿಯಾ ಅವರೂ ಪರದೇಶದಲ್ಲೇ ಕಣ್ಣು ಮುಚ್ಚಿದರು. ಈ ಮೂರು ವಾರದ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಚಾಂಪೋಂಗ್ ಅವರ ಆರಂಭವೇನೋ ಚೆನ್ನಾಗಿತ್ತು. ನಮ್ಮ ಅನ್ನ ನಾವೇ ಬೆಳೆಯೋಣ ಎಂಬ ಚಳವಳಿ ಜನಕ್ಕೆ ಹಿಡಿಸಿತು. ಹಿಂದಿನ ಸಾಲಗಳಲ್ಲಿ ಕೆಲವನ್ನು ತೀರಿಸುವುದಿಲ್ಲವೆಂದದ್ದೂ ಹಿಡಿಸಿತು. ಬರಬರುತ್ತ ಸಾಮಾನು ತರಿಸುವ ಪರವಾನಗಿಗಳು ಬೇಕಾದವರ ಕೈ ಸೇರಿದವು; ಕಾಳಸಂತೆಗೆ ಜನ 'ಕಲಬುಲೆ' ಎಂಬ ಹೆಸರಿಟ್ಟರು. 1977ರಲ್ಲಿ ಬೆಲೆಯೇರಿಕೆ ನೂರಕ್ಕೆ ನೂರನ್ನು ಮೀರಿತು. 1978ರ ಜುಲೈಯಲ್ಲಿ ಅವರದೇ ಸೇನಾ ಸಹೋದ್ಯೋಗಿ ಜನರಲ್ ಅಕುಫೊ ಅವರನ್ನು ಕೆಳಗಿಳಿಸಿ ತಾವು ಕುಳಿತರು.

ಗುಂಡಿನ ತೀರ್ಪು

ಇಲ್ಲಿಂದ ಕಥೆಯ ಅತ್ಯಂತ ಕರಾಳವಾದ ಭಾಗ. 1979ರ ಮೇ ತಿಂಗಳಲ್ಲಿ ಜೆರ್ರಿ ರಾಲಿಂಗ್ಸ್ ಎಂಬ ತರುಣ ವಿಮಾನದಳದ ಅಧಿಕಾರಿ ದಂಗೆಯೆದ್ದು ಸಿಕ್ಕಿಬಿದ್ದರು. ಬಡ ಸಿಪಾಯಿಗಳ ಪರವಾಗಿ ವಿಚಾರಣೆಯಲ್ಲಿ ಅವರು ಎತ್ತಿದ ದನಿ ದಂಡಿನ ಪಾಳೆಯಗಳಿಗೆ ಮುಟ್ಟಿತು. ಜೂನ್ 4ರಂದು ಸಿಪಾಯಿಗಳು ಸೆರೆಮನೆ ಒಡೆದು ಅವರನ್ನು ಬಿಡಿಸಿ ಅಧಿಕಾರ ಕೊಟ್ಟರು. ಇನ್ನೆರಡು ವಾರದಲ್ಲಿ ಚುನಾವಣೆ ನಡೆಯುವುದಿತ್ತು; ಅಷ್ಟರೊಳಗೆ ಮನೆಯನ್ನು ಗುಡಿಸಬೇಕೆಂದು ಹೊಸಬರ ಹಟ.

ಆ ಗುಡಿಸುವಿಕೆಯಲ್ಲಿ ಎಂಟು ಮಂದಿ ಹಿರಿಯ ಸೇನಾಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಮೂವರು ದೇಶವಾಳಿದವರು: ಅಚಾಂಪೋಂಗ್, ಅಕುಫೊ ಮತ್ತು ಅಫ್ರಿಫಾ. ಹತ್ತು ವರ್ಷಗಳ ಹಿಂದೆ ಚುನಾವಣೆ ನಡೆಸಿ ಅಧಿಕಾರ ಬಿಟ್ಟುಕೊಟ್ಟಿದ್ದ ಅಫ್ರಿಫಾ ಅವರಿಗೂ ಬೇರೆ ಗತಿ ಒದಗಲಿಲ್ಲ. ಬೆಲೆಯೇರಿಕೆಗೆ ಪೇಟೆಯ ಹೆಂಗಸರೇ ಕಾರಣವೆಂದು ಸಿಪಾಯಿಗಳು ಅಕ್ರಾದ ಮಕೋಲ ಮಾರುಕಟ್ಟೆಯನ್ನು ಸಿಡಿಮದ್ದಿನಿಂದ ಉರುಳಿಸಿದರು. ಆಗ ಬೀದಿಯಲ್ಲಿ ಜಯಕಾರ ಹಾಕಿದವರೂ ಇದ್ದರು. ಹಸಿದ ಜನಕ್ಕೆ ನ್ಯಾಯದ ನಿಧಾನ ರುಚಿಸುವುದಿಲ್ಲ.

ಚುನಾವಣೆ ನಡೆಯಿತು. ಉತ್ತರ ಸೀಮೆಯ, ಜನಕ್ಕೆ ಅಷ್ಟೇನೂ ಪರಿಚಯವಿಲ್ಲದ ರಾಜತಂತ್ರಜ್ಞ ಹಿಲ್ಲಾ ಲಿಮಾನ್ ಅಧ್ಯಕ್ಷರಾದರು. ಸೆಪ್ಟೆಂಬರಿನಲ್ಲಿ ರಾಲಿಂಗ್ಸ್ ಅವರಿಗೆ ಅಧಿಕಾರ ಒಪ್ಪಿಸಿದರು. 1981ರ ಡಿಸೆಂಬರ್ 31ರಂದು ತಾವೇ ಅದನ್ನು ಕಿತ್ತುಕೊಂಡರು. 1966ರಿಂದ ಎಣಿಸಿದರೆ 16 ವರ್ಷಗಳೊಳಗೆ ಕೈಗೂಡಿದ ಐದನೆಯ ದಂಗೆ ಇದು.

ರಾಲಿಂಗ್ಸ್ ಅವರ ಎರಡನೆಯ ಆಳಿಕೆಯ ಮೊದಲ ವರ್ಷಗಳು ಭಯದ ವರ್ಷಗಳು. 1982ರ ಜೂನ್ 30ರ ರಾತ್ರಿ ಮೂವರು ನ್ಯಾಯಾಧೀಶರನ್ನೂ ನಿವೃತ್ತ ಸೇನಾಧಿಕಾರಿಯೊಬ್ಬರನ್ನೂ ಮನೆಗಳಿಂದ ಎಳೆದೊಯ್ದು ಕೊಂದರು. ಮರುವರ್ಷ ಬರಗಾಲ, ಕಾಡುಗಿಚ್ಚು. ಜೊತೆಗೆ ನೈಜೀರಿಯವು ಹತ್ತು ಲಕ್ಷದಷ್ಟು ಘಾನಾದವರನ್ನು ಒಮ್ಮೆಗೇ ಹೊರಹಾಕಿತು. 1969ರ ಆಜ್ಞೆ ಹೀಗೆ ತಿರುಗಿ ಮನೆ ಬಾಗಿಲಿಗೆ ಬಂತು. ಹಸಿವಿನಿಂದ ಎದ್ದುಕಾಣುತ್ತಿದ್ದ ಕೊರಳ ಕೆಳಗಿನ ಮೂಳೆಯನ್ನು ಜನ 'ರಾಲಿಂಗ್ಸ್ ಸರ' ಎಂದು ಹಾಸ್ಯ ಮಾಡಿಕೊಂಡರು. ಕೊನೆಗೆ, ತಾವೇ ಬೈದಿದ್ದ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಗಿ ಸಾಲ ತಂದು ರಾಲಿಂಗ್ಸ್ ದೇಶದ ವ್ಯವಹಾರವನ್ನು ಸರಿಪಡಿಸತೊಡಗಿದರು.

ಮೆಟ್ಟಿಲು ಕಟ್ಟಿದ ಬಗೆ

ಸ್ವದೇಶದ ವಿರೋಧ, ಸಾಲ ಕೊಟ್ಟವರ ಒತ್ತಾಯ, ಕಾಲದ ಗಾಳಿ, ಎಲ್ಲ ಸೇರಿ 1992ರಲ್ಲಿ ಘಾನಾಕ್ಕೆ ಹೊಸ ರಾಜ್ಯಾಂಗ ಬಂತು. ಅಧ್ಯಕ್ಷನ ಅವಧಿ ನಾಲ್ಕು ವರ್ಷ. ಎರಡು ಅವಧಿಗಿಂತ ಹೆಚ್ಚು ಯಾರೂ ಆಳುವಂತಿಲ್ಲ. ಸ್ವತಂತ್ರ ಚುನಾವಣಾ ಆಯೋಗ, ಮತಗಟ್ಟೆಯಲ್ಲೇ ಎಲ್ಲ ಪಕ್ಷದ ಪ್ರತಿನಿಧಿಗಳ ಕಣ್ಣೆದುರು ಮತ ಎಣಿಕೆ, ಇವೆಲ್ಲ ಕ್ರಮವಾಗಿ ನೆಲೆಗೊಂಡವು. ಖಾಸಗಿ ರೇಡಿಯೋ ನಿಲಯಗಳು ಹುಟ್ಟಿ, ಊರೂರಿನ ಫಲಿತಾಂಶವನ್ನು ಆಗಿಂದಾಗಲೇ ಬಿತ್ತರಿಸತೊಡಗಿದವು. ಎಣಿಕೆಯಾದದ್ದನ್ನು ಊರೆಲ್ಲ ಕೇಳಿದ ಮೇಲೆ ರಾತ್ರೋರಾತ್ರಿ ಅಂಕಿ ತಿದ್ದುವುದು ಕಷ್ಟ.

ಆ ರಾಜ್ಯಾಂಗದಲ್ಲಿ ಇನ್ನೊಂದು ವಿಧಿಯೂ ಇತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಹಿಂದೆ ದಂಗೆ ಮಾಡಿದವರನ್ನು ಆ ಕೃತ್ಯಗಳಿಗಾಗಿ ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆ ಅದು. ಸತ್ತವರ ಮನೆಯವರಿಗೆ ಇದು ಅನ್ಯಾಯವೇ. ಆದರೆ ಇಳಿದರೆ ಕೊರಳಿಗೆ ಉರುಲು ಎಂದು ತಿಳಿದವನು ಎಂದಾದರೂ ಇಳಿದಾನೆ? ಮೆಟ್ಟಿಲಿಗೆ ಘಾನಾ ತೆತ್ತ ಬೆಲೆ ಇದು.

1992ರಲ್ಲೂ 1996ರಲ್ಲೂ ರಾಲಿಂಗ್ಸ್ ಚುನಾವಣೆಯಲ್ಲಿ ಗೆದ್ದರು. 2000ದಲ್ಲಿ ಅವಧಿ ಮುಗಿಯಿತು. ಅವರ ಉಪಾಧ್ಯಕ್ಷ ಅಟ್ಟಾ ಮಿಲ್ಸ್ ಸ್ಪರ್ಧಿಸಿ, ವಿರೋಧ ಪಕ್ಷದ ಜಾನ್ ಕುಫೋರ್ ಎದುರು ಸೋತರು. ಈ ಕುಫೋರ್ ಬೂಸಿಯಾ ಸರಕಾರದಲ್ಲಿ ಉಪಮಂತ್ರಿಯಾಗಿದ್ದು, 1972ರ ದಂಗೆಯಾದಾಗ ಸೆರೆ ಕಂಡವರು. 2001ರ ಜನವರಿ 7ರಂದು, ಎರಡು ಬಾರಿ ಕೋವಿಯಿಂದ ಅಧಿಕಾರ ಹಿಡಿದವರು ಮತದಿಂದ ಗೆದ್ದ ಎದುರಾಳಿಗೆ ಅದನ್ನು ಬಿಟ್ಟುಕೊಟ್ಟು ಮನೆಗೆ ಹೋದರು. ಸ್ವತಂತ್ರ ಘಾನಾದಲ್ಲಿ ಒಂದು ಚುನಾಯಿತ ಸರಕಾರ ಇನ್ನೊಂದು ಪಕ್ಷದ ಚುನಾಯಿತ ಸರಕಾರಕ್ಕೆ ಸ್ಥಳ ಬಿಟ್ಟುಕೊಟ್ಟದ್ದು ಅದೇ ಮೊದಲು. ಅದೇ ವರ್ಷ, 1979ರಲ್ಲಿ ಗುಂಡಿಗೆ ಬಲಿಯಾದವರ ಅವಶೇಷಗಳನ್ನು ಸೆರೆಮನೆಯ ಹೂಳುಗಾಡಿನಿಂದ ಹೊರತೆಗೆದು ಹೆಂಡಿರು ಮಕ್ಕಳಿಗೆ ಒಪ್ಪಿಸಿದರು. 22 ವರ್ಷಗಳ ಮೇಲೆ ಅವರಿಗೆ ಮರ್ಯಾದೆಯ ಮಣ್ಣು ದೊರೆಯಿತು.

ಆನೆಯೂ ಕೊಡೆಯೂ

ಅಂದಿನಿಂದ ಕುಫೋರ್ ಅವರ ಪಕ್ಷದ ಆನೆ ಗುರುತೂ ರಾಲಿಂಗ್ಸ್ ಪಕ್ಷದ ಕೊಡೆ ಗುರುತೂ ಎಂಟೆಂಟು ವರ್ಷಕ್ಕೊಮ್ಮೆ ಸ್ಥಳ ಬದಲಾಯಿಸುತ್ತ ಬಂದಿವೆ. 2008ರ ಕೊನೆಯ ಸುತ್ತಿನಲ್ಲಿ ಸುಮಾರು 90 ಲಕ್ಷ ಮತಗಳ ಪೈಕಿ 40 ಸಾವಿರದಷ್ಟು ಅಂತರದಿಂದ ಅಟ್ಟಾ ಮಿಲ್ಸ್ ಗೆದ್ದರು. ಸೋತ ನಾನಾ ಅಕುಫೊ-ಅಡೊ ಒಪ್ಪಿಕೊಂಡರು. 2012ರ ಜುಲೈ 24ರಂದು ಮಿಲ್ಸ್ ಅಧಿಕಾರದಲ್ಲಿರುವಾಗಲೇ ನಿಧನರಾದರು; ಕೆಲವೇ ಗಂಟೆಗಳಲ್ಲಿ ಉಪಾಧ್ಯಕ್ಷ ಜಾನ್ ಮಹಾಮಾ ಪ್ರಮಾಣವಚನ ಸ್ವೀಕರಿಸಿದರು. ದಂಡು ಬೀದಿಗಿಳಿಯಲಿಲ್ಲ. ಆ ವರ್ಷಾಂತ್ಯದ ಚುನಾವಣೆಯಲ್ಲಿ ಮಹಾಮಾ ಗೆದ್ದದ್ದನ್ನು ಅಕುಫೊ-ಅಡೊ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ಜನ ದೂರದರ್ಶನದಲ್ಲಿ ನೋಡಿದರು. 2013ರ ಆಗಸ್ಟಿನಲ್ಲಿ ತೀರ್ಪು ತಮ್ಮ ವಿರುದ್ಧ ಬಂದಾಗ ಅಕುಫೊ-ಅಡೊ ತಲೆಬಾಗಿದರು. ನ್ಯಾಯಾಲಯ ನಮ್ಮನ್ನು ಬಲವಂತಪಡಿಸಲಾರದೆಂದ ಬೂಸಿಯಾ ಅವರ ಪರಂಪರೆಯ ಪಕ್ಷವೇ ಅದು ಎಂಬುದನ್ನು ಗಮನಿಸಿದರೆ, ದೇಶ ನಡೆದ ದೂರ ತಿಳಿಯುತ್ತದೆ.

2016ರಲ್ಲಿ ಅಕುಫೊ-ಅಡೊ ಗೆದ್ದರು. ಎಂಟು ವರ್ಷಗಳ ಮೇಲೆ ಮಹಾಮಾ ಮರಳಿ ಬಂದರು. ಇವರಿಬ್ಬರ ಹಿನ್ನೆಲೆ ಕುತೂಹಲಕರವಾದುದು. ಅಕುಫೊ-ಅಡೊ ಅವರ ತಂದೆ 1948ರಲ್ಲಿ ಬಂಧಿತರಾದ ಆರು ಮಂದಿಯಲ್ಲಿ ಒಬ್ಬರು. ಬೂಸಿಯಾ ಕಾಲದಲ್ಲಿ ಔಪಚಾರಿಕ ಅಧ್ಯಕ್ಷರಾಗಿದ್ದು 1972ರ ದಂಗೆಯಲ್ಲಿ ಪದವಿ ಕಳೆದುಕೊಂಡವರು. ಮಹಾಮಾ ಅವರ ತಂದೆ ಎನ್‌ಕ್ರೂಮಾ ಸರಕಾರದಲ್ಲಿದ್ದು 1966ರ ದಂಗೆಯಾದಾಗ ಸೆರೆ ಸೇರಿದವರು. ಮಗ ಆಗ ಅಕ್ರಾದ ಅಚಿಮೋಟ ಶಾಲೆಯ ಹಾಸ್ಟೆಲಿನಲ್ಲಿದ್ದ ಏಳು ವರ್ಷದ ಬಾಲಕ. ತಂದೆಯರನ್ನು ಕೋವಿ ಇಳಿಸಿತ್ತು. ಮಕ್ಕಳು ಮತಪತ್ರದಿಂದ ಏರಿದರು, ಮತಪತ್ರದಿಂದಲೇ ಇಳಿದರು.

ಹಾಗೆಂದು ಘಾನಾ ರಾಮರಾಜ್ಯವಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಕೋಕೋ ಇಂದಿಗೂ ಪರರ ಪೇಟೆಯ ಬೆಲೆಗೆ ಕಟ್ಟುಬಿದ್ದಿದೆ. 2020ರ ಚುನಾವಣೆಯಲ್ಲಿ ಕೆಲವರು ಗುಂಡಿಗೆ ಬಲಿಯಾದರು. 2022ರ ಡಿಸೆಂಬರಿನಲ್ಲಿ ಸರಕಾರ ಹೊರದೇಶದ ಸಾಲದ ಬಹುಭಾಗವನ್ನು ತೀರಿಸಲಾರೆನೆಂದು ಕೈಚೆಲ್ಲಿತು. ಬೆಲೆಯೇರಿಕೆ ನೂರಕ್ಕೆ 54ನ್ನು ಮುಟ್ಟಿತು. ನೆರೆಹೊರೆಯ ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್ ದೇಶಗಳಲ್ಲಿ 2020ರಿಂದ 2023ರೊಳಗೆ ಸೈನಿಕರು ಒಬ್ಬರ ಹಿಂದೊಬ್ಬರಂತೆ ಅಧಿಕಾರ ಹಿಡಿದರು.

ಈಗ ಆ ಮೂರು ವಾರದ ಲೆಕ್ಕವನ್ನು ತೆಗೆಯೋಣ. 1971ರಲ್ಲಿ ನಾಣ್ಯದ ಬೆಲೆ ಇಳಿದಾಗ ದಂಡು ಬೀದಿಗೆ ಬರಲು ಮೂರು ವಾರ ಸಾಕಾಯಿತು. 2022ರ ಸಂಕಟ ಅದಕ್ಕಿಂತ ಸಣ್ಣದೇನಲ್ಲ. ಆದರೂ ಜನ ಎರಡು ವರ್ಷ ಕಾದರು. ಬೈದರು, ಮೆರವಣಿಗೆ ಮಾಡಿದರು, ಕೊನೆಗೆ 2024ರ ಡಿಸೆಂಬರ್ 7ರಂದು ಸಾಲಿನಲ್ಲಿ ನಿಂತು ಮತ ಹಾಕಿ ಆಳುವ ಪಕ್ಷವನ್ನು ಇಳಿಸಿದರು. ಆ ಪಕ್ಷದ ಅಭ್ಯರ್ಥಿ, ಉಪಾಧ್ಯಕ್ಷ ಬವುಮಿಯಾ, ಆಯೋಗ ಫಲಿತಾಂಶ ಸಾರುವ ಮೊದಲೇ ಸೋಲೊಪ್ಪಿ ಗೆದ್ದವರನ್ನು ಅಭಿನಂದಿಸಿದರು. ಕಾಯುವ ಈ ತಾಳ್ಮೆ ಹುಟ್ಟುಗುಣವಲ್ಲ. ನಾಳೆ ನಾನೇ ಇವನನ್ನು ಇಳಿಸಬಲ್ಲೆನೆಂಬ ಭರವಸೆ ಇದ್ದವನು ಇಂದು ಕಾಯುತ್ತಾನೆ. ಅದಿಲ್ಲದವನು ಕೋವಿ ಹಿಡಿದವನಿಗೆ ಜಯಕಾರ ಹಾಕುತ್ತಾನೆ. ಈ ಭರವಸೆ ಒಮ್ಮೆ ಸುಳ್ಳಾದರೆ ಮತ್ತೆ ಕಟ್ಟಲು ಎಷ್ಟು ವರ್ಷ ಬೇಕೆಂಬುದು ಘಾನಾಕ್ಕೆ ಚೆನ್ನಾಗಿ ಗೊತ್ತು.

ಎನ್‌ಕ್ರೂಮಾ ಸ್ವಾತಂತ್ರ್ಯ ಸಾರಿದ ಪೋಲೋ ಬಯಲಿನಲ್ಲಿ ಈಗ ಅವರ ಸಮಾಧಿಯಿದೆ. ಅಂದು ಉರುಳಿಸಿದ ಪ್ರತಿಮೆಯನ್ನೂ ಅಲ್ಲೇ ನಿಲ್ಲಿಸಿದ್ದಾರೆ, ರುಂಡವಿಲ್ಲದೆಯೇ. ರುಂಡ ಪಕ್ಕದಲ್ಲಿ ಬೇರೆ ಪೀಠದ ಮೇಲಿದೆ. ದೇಶ ತನ್ನ ಮೊದಲ ನಾಯಕನನ್ನು ಗೌರವಿಸಿದೆ, ತಾನು ಅವನಿಗೆ ಮಾಡಿದ್ದನ್ನೂ ಅಳಿಸಿಲ್ಲ. 2025ರ ಜನವರಿ 7ರಂದು ಆ ಊರಿನಲ್ಲೇ ಮಹಾಮಾ ರಾಜ್ಯದ ಖಡ್ಗ ಹಿಡಿದು ಪ್ರಮಾಣ ಮಾಡಿದರು. ಅಧಿಕಾರ ಕಳೆದುಕೊಂಡ ಅಕುಫೊ-ಅಡೊ ಆ ದಿನ ತಮ್ಮ ಮನೆಗೆ ಹೋದರು. ಸೆರೆಮನೆಗಲ್ಲ, ಪರದೇಶಕ್ಕಲ್ಲ, ಗುಂಡಿನ ಗೋಡೆಯ ಬಳಿಗಲ್ಲ. ಆಕಾನ್ ಹಿರಿಯರು ಪಾದರಕ್ಷೆ ತೆಗೆಸಿ ಮಾಡುತ್ತಿದ್ದ ಕೆಲಸ ಅದೇ ತಾನೆ?